ಕನ್ನಡ ಮಾಧ್ಯಮದಿಂದ ವೆಬ್ ಡೆವಲಪ್‌ಮೆಂಟಿಗೆ: ಕಾಸರಗೋಡಿನಲ್ಲಿದ್ದುಕೊಂಡು ವೃತ್ತಿ ಬದಲಿಸುವವರಿಗೆ

ಕಂಪ್ಯೂಟರ್ ವಿಜ್ಞಾನ ಓದದೆ, ಮೂವತ್ತರ ಆಸುಪಾಸಿನಲ್ಲೋ ಅದನ್ನು ದಾಟಿಯೋ ವೆಬ್ ಡೆವಲಪ್‌ಮೆಂಟಿನ, ಎಂದರೆ ಜಾಲತಾಣ ಕಟ್ಟುವ ವೃತ್ತಿಯ, ಕಡೆಗೆ ಬರಬೇಕೆಂದಿರುವ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ದಿನವೇತನಕ್ಕೆ ಪಾಠ ಮಾಡುವ ಅಧ್ಯಾಪಕರು, ಡಿಟಿಪಿ ಕೇಂದ್ರದಲ್ಲಿ ಆಮಂತ್ರಣ ಪತ್ರಿಕೆ ಸಿದ್ಧಪಡಿಸುವವರು, ಸಹಕಾರಿ ಸಂಘದ ಗುಮಾಸ್ತರು, ಗಲ್ಫಿನ ಅಂಗಡಿಯಲ್ಲಿ ಲೆಕ್ಕ ಬರೆದು ಊರಿಗೆ ಮರಳಿದವರು ನನ್ನಲ್ಲಿ ಈ ವಿಷಯ ಕೇಳುತ್ತಿರುತ್ತಾರೆ. ನಾನೂ ಏಳು ವರ್ಷ ದಿನವೇತನಕ್ಕೆ ಕನ್ನಡ ಕಲಿಸಿ, ಸಂಜೆ ಡಿಟಿಪಿ ಮಾಡಿ, ಮೂವತ್ತಮೂರನೆಯ ವಯಸ್ಸಿನಲ್ಲಿ ಈ ವೃತ್ತಿಗೆ ಬಂದವನು.

ದಿನಕ್ಕೆ ಎರಡು ಗಂಟೆಯಂತೆ ವಾರದಲ್ಲಿ ಐದು ದಿನ ಕುಳಿತರೆ ಒಂದೂವರೆ ವರ್ಷಕ್ಕೆ ಸುಮಾರು 780 ಗಂಟೆಗಳಾಗುತ್ತವೆ. ಬೇರೆ ಕೆಲಸ ಮಾಡಿಕೊಂಡು ಕಲಿಯುವವರಿಗೆ ಇಷ್ಟು ಕಾಲ ಬೇಕು. ಮೂರು ತಿಂಗಳಲ್ಲಿ ಕೆಲಸ ಎನ್ನುವ ಜಾಹೀರಾತುಗಳನ್ನು ನೋಡಿದವರಿಗೆ ಇದು ದೀರ್ಘವೆನಿಸಬಹುದು. ಅಡಿಕೆ ಸಸಿ ನೆಟ್ಟು ಫಸಲಿಗೆ ಐದು ವರ್ಷ ಕಾಯುವ ಊರಿನವರಿಗೆ ಹಾಗೆನಿಸಬೇಕಾಗಿಲ್ಲ. ಇನ್ನೊಂದು ಮಾತನ್ನೂ ಮೊದಲೇ ಹೇಳುತ್ತೇನೆ. ಹತ್ತು ಕೋರ್ಸು ಮುಗಿಸಿದವರಿಗಿಂತ, ಊರಿನ ಯಾವುದೋ ಸಂಸ್ಥೆಗೆ ಒಂದು ಸಣ್ಣ ಜಾಲತಾಣ ಮಾಡಿಕೊಟ್ಟು ಅದನ್ನು ಒಂದು ವರ್ಷ ಕೆಡದಂತೆ ನೋಡಿಕೊಂಡವರಿಗೆ ಈ ಕೆಲಸ ಚೆನ್ನಾಗಿ ಗೊತ್ತಿರುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಆ ಒಂದು ವರ್ಷಕ್ಕೆ ನಡೆಸುವ ಸಿದ್ಧತೆ.

ಹದಿನೈದು ದಿನಗಳ ಪರೀಕ್ಷೆ

ಎಲ್ಲಿಯೂ ಹಣ ಕಟ್ಟುವ ಮೊದಲು, ಮನೆಯವರಲ್ಲಿ ದೊಡ್ಡದಾಗಿ ಹೇಳಿಕೊಳ್ಳುವುದಕ್ಕೂ ಮೊದಲು, ಈ ಕೆಲಸ ನಿಮಗೆ ಒಗ್ಗುತ್ತದೆಯೇ ಎಂದು ಹದಿನೈದು ದಿನ ಪರೀಕ್ಷಿಸಿ. ಕಂಪ್ಯೂಟರಿನಲ್ಲಿರುವ ಸಾದಾ ನೋಟ್‌ಪ್ಯಾಡ್ ತೆರೆದು ನಿಮ್ಮ ಊರಿನ ಬಗ್ಗೆ ಒಂದು ಪುಟವನ್ನು, ವೆಬ್ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ, ಕೈಯಾರೆ ಬರೆಯಿರಿ: ಒಂದು ಶೀರ್ಷಿಕೆ, ಎರಡು ಪ್ಯಾರಾ, ಒಂದು ಚಿತ್ರ, ಕುಂಬಳೆಯಿಂದಲೋ ಬದಿಯಡ್ಕದಿಂದಲೋ ನಿಮ್ಮೂರಿಗೆ ಬರುವ ಬಸ್ಸುಗಳ ವೇಳಾಪಟ್ಟಿ. ಇಷ್ಟರಲ್ಲೇ ನಾಲ್ಕಾರು ಕಡೆ ಎಡವುತ್ತೀರಿ. ದಪ್ಪಕ್ಷರ ಎಲ್ಲಿಂದ ಎಲ್ಲಿಯವರೆಗೆ ಎಂದು ಸೂಚಿಸುವ ಗುರುತನ್ನು (ಟ್ಯಾಗ್) ಮುಚ್ಚಲು ಮರೆತರೆ ಅಲ್ಲಿಂದ ಕೆಳಗಿನ ಪುಟವೆಲ್ಲ ದಪ್ಪಗಾಗುತ್ತದೆ. ಚಿತ್ರದ ಕಡತದ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಚಿತ್ರವೇ ಕಾಣಿಸುವುದಿಲ್ಲ. ತಪ್ಪು ಹುಡುಕುತ್ತ ಒಂದು ಗಂಟೆ ಕಳೆದದ್ದು ನಿಮಗೆ ಗೊತ್ತಾಗದಿದ್ದರೆ ಮುಂದುವರಿಯಿರಿ. ಸಿಟ್ಟು ಬಂದು ಎದ್ದುಹೋಗಿ ಮರುದಿನ ಮತ್ತೆ ಬಂದು ಕುಳಿತವರೂ ಮುಂದುವರಿಯಬಹುದು. ಹದಿನೈದು ದಿನವೂ ಕುಳಿತುಕೊಳ್ಳದಿರಲು ನೆಪ ಹುಡುಕಿದವರು ಇಲ್ಲಿಗೇ ನಿಲ್ಲಿಸುವುದು ಲೇಸು, ಏಕೆಂದರೆ ಈ ವೃತ್ತಿಯಲ್ಲಿ ದಿನದ ಬಹುಪಾಲು ಇಂಥ ಹುಡುಕಾಟದಲ್ಲೇ ಹೋಗುತ್ತದೆ.

ಉಪಕರಣಗಳು

ಮೊಬೈಲಿನಲ್ಲಿ ಪಾಠ ನೋಡಬಹುದೇ ಹೊರತು ಕೆಲಸ ಕಲಿಯಲಾಗದು. 8 ಜಿಬಿ ಮೆಮೊರಿ ಮತ್ತು ಎಸ್‌ಎಸ್‌ಡಿ (ವೇಗದ ಸಂಗ್ರಹ ಡಿಸ್ಕ್) ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ವಿಂಡೋಸ್ ಕುಂಟುತ್ತಿದ್ದರೆ ಅದರ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಳ್ಳಿ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಐಟಿ ಪಾಠಗಳು ಲಿನಕ್ಸ್‌ನಲ್ಲೇ ನಡೆಯುವುದರಿಂದ, ನಿಮಗೆ ಅದು ಹೊಸದಾದರೂ ಎಂಟನೆಯ ತರಗತಿಯ ನಿಮ್ಮ ಮಗಳೋ ಪಕ್ಕದ ಮನೆಯ ಹುಡುಗನೋ ತೋರಿಸಿಕೊಡಬಲ್ಲರು. ಕೋಡ್ ಬರೆಯಲು ವಿಎಸ್ ಕೋಡ್ ಎಂಬ ಉಚಿತ ಸಂಪಾದಕ, ನೋಡಲು ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಇರಲಿ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ವಿದ್ಯುತ್ ಹೋಗುವುದು ಸಾಮಾನ್ಯವಾದ್ದರಿಂದ ರೌಟರಿಗೊಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳಿ, ಗುಡುಗು ಶುರುವಾದ ಕೂಡಲೇ ಎಲ್ಲ ವೈರುಗಳನ್ನೂ ಕಳಚಿ. ನಾನು ಒಂದು ಮಳೆಗಾಲದಲ್ಲಿ ಲ್ಯಾಪ್‌ಟಾಪಿನ ಚಾರ್ಜರನ್ನೂ ರೌಟರನ್ನೂ ಒಂದೇ ಸಿಡಿಲಿಗೆ ಕಳೆದುಕೊಂಡಿದ್ದೇನೆ.

ಮೊದಲ ಮೂರು ತಿಂಗಳು: ಎಚ್‌ಟಿಎಂಎಲ್, ಸಿಎಸ್‌ಎಸ್ ಮತ್ತು ನಮ್ಮ ಲಿಪಿ

ಪುಟದಲ್ಲಿ ಏನೇನಿದೆ ಎಂದು ಎಚ್‌ಟಿಎಂಎಲ್ ಹೇಳುತ್ತದೆ, ಅದು ಹೇಗೆ ಕಾಣಬೇಕೆಂದು ಸಿಎಸ್‌ಎಸ್ ಹೇಳುತ್ತದೆ. ಕಲಿಯಲು ದುಡ್ಡು ಬೇಡ. ಎಂಡಿಎನ್ ಎಂಬ ತಾಣದ ಕೈಪಿಡಿ ಈ ವೃತ್ತಿಯವರೆಲ್ಲ ದಿನವೂ ತೆರೆಯುವ ನಿಘಂಟಿನಂತಿದೆ. 2014ರಲ್ಲಿ ಆರಂಭವಾದ ಫ್ರೀಕೋಡ್‌ಕ್ಯಾಂಪ್ ಅಭ್ಯಾಸಗಳನ್ನು ಮಾಡಿಸುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಹಲವು ಪಾಠಗಳು ಕನ್ನಡದ ಧ್ವನಿಯಲ್ಲೂ ದೊರೆಯುತ್ತವೆ. ಒಂದನ್ನು ಹಿಡಿದರೆ ಅದನ್ನೇ ಮುಗಿಸಿ. ನಾಲ್ಕು ಕಡೆ ಮೊದಲ ಪಾಠವನ್ನಷ್ಟೇ ನೋಡುತ್ತ ಆರು ತಿಂಗಳು ಕಳೆದವರನ್ನು ನಾನು ಬಲ್ಲೆ.

ಡಿಟಿಪಿ ಹಿನ್ನೆಲೆಯವರಿಗೆ ಇಲ್ಲಿ ಯಾರೂ ಹೇಳದ ಒಂದು ಅನುಕೂಲವಿದೆ. ನಮ್ಮ ಭಾಗದ ದೇವಸ್ಥಾನ, ಸಂಘ, ಶಾಲೆಗಳ ಹಳೆಯ ಸ್ಮರಣಸಂಚಿಕೆಗಳೂ ವರದಿಗಳೂ ಬಹುಮಟ್ಟಿಗೆ ಹಳೆಯ ನುಡಿ ಫಾಂಟಿನಲ್ಲೋ ಅಂಥದ್ದೇ ಬೇರೊಂದರಲ್ಲೋ ಇವೆ. ಆ ಫಾಂಟುಗಳಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ; ಕನ್ನಡದ ವೇಷವನ್ನು ಫಾಂಟು ತೊಡಿಸುತ್ತದೆ. ಅದನ್ನು ಹಾಗೆಯೇ ವೆಬ್ ಪುಟಕ್ಕೆ ಹಾಕಿದರೆ ಓದುಗನಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡ್ ಎಂಬ ವ್ಯವಸ್ಥೆ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದು, ಜಾಲತಾಣದಲ್ಲಿ ಬಳಸಬೇಕಾದದ್ದು ಅದನ್ನೇ. ಹಳೆಯ ಕಡತವನ್ನು ಯುನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಕೆಟ್ಟ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದುವ ಕೆಲಸ ಬೆಂಗಳೂರಿನ ನುರಿತ ಡೆವಲಪರಿಗೂ ತಲೆನೋವು; ಹತ್ತು ವರ್ಷ ಕರಡು ತಿದ್ದಿದವರಿಗೆ ಅದು ನಿತ್ಯದ ಅಭ್ಯಾಸ.

ಸಿಎಸ್‌ಎಸ್ ಕಲಿಯುವಾಗ ಎಲ್ಲ ಪಾಠಗಳೂ ಇಂಗ್ಲಿಷ್ ಪಠ್ಯವನ್ನೇ ಉದಾಹರಣೆ ಕೊಡುತ್ತವೆ. ನೀವು ಮಾತ್ರ ಅಭ್ಯಾಸವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಮಾಡಿ, ಏಕೆಂದರೆ ನಮ್ಮ ಗಿರಾಕಿಗಳಿಗೆ ಬೇಕಾಗುವುದು ಆ ಎರಡು ಭಾಷೆಗಳ ಪುಟಗಳೇ. ಇಂಗ್ಲಿಷಿಗೆ ಸರಿಯಾಗುವ ಸಾಲಿನ ಅಂತರದಲ್ಲಿ ‘ಸ್ತ್ರೀ’ಯಂಥ ಅಕ್ಷರದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7 ಪಟ್ಟಿನಷ್ಟು ಇಟ್ಟರೆ ಓದಲು ಹಿತವಾಗುತ್ತದೆ. ಕನ್ನಡದಲ್ಲಿ ಸರಿಯಾಗಿ ಕುಳಿತ ಗುಂಡಿಯ ಮೇಲಿನ ಬರಹ ಮಲಯಾಳಕ್ಕೆ ಬದಲಿಸಿದಾಗ ಉದ್ದವಾಗಿ ಗುಂಡಿಯಿಂದ ಹೊರಗೆ ಚಾಚುತ್ತದೆ. ಪುಟದ ಭಾಷೆ ಯಾವುದೆಂದು ಎಚ್‌ಟಿಎಂಎಲ್‌ನಲ್ಲಿ ಸೂಚಿಸುವ ಒಂದು ಗುಣಲಕ್ಷಣವಿದ್ದು, ಅದನ್ನು ಬಿಟ್ಟರೆ ದೃಷ್ಟಿಹೀನರು ಬಳಸುವ ಓದುವ ತಂತ್ರಾಂಶ ಕನ್ನಡವನ್ನು ಯಾವ ಧ್ವನಿಯಲ್ಲಿ ಓದಬೇಕೆಂದು ತಿಳಿಯದೆ ತಡವರಿಸುತ್ತದೆ. ಬರೆದ ಪ್ರತಿಯೊಂದು ಪುಟವನ್ನೂ ಮೊಬೈಲಿನಲ್ಲಿ ನೋಡಿ. ನಿಮ್ಮ ಓದುಗರು ನೋಡುವುದು ಅದರಲ್ಲೇ.

ಮುಂದಿನ ಐದಾರು ತಿಂಗಳು: ಜಾವಾಸ್ಕ್ರಿಪ್ಟ್ ಮತ್ತು ಮೈಲುತುತ್ತಿನ ಲೆಕ್ಕ

1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಪುಟಕ್ಕೆ ಚಲನೆಯನ್ನೂ ಲೆಕ್ಕವನ್ನೂ ತರುತ್ತದೆ. ತಾಂತ್ರಿಕ ಹಿನ್ನೆಲೆಯಿಲ್ಲದವರು ಹೆಚ್ಚಾಗಿ ಬಿಟ್ಟುಹೋಗುವುದು ಈ ಹಂತದಲ್ಲಿ. ಪಾಠಗಳು ಕೊಡುವ ಉದಾಹರಣೆಗಳು ಯಾರದೋ ಬದುಕಿನವು ಎಂಬುದೂ ಅದಕ್ಕೊಂದು ಕಾರಣವೆಂದು ನನಗನ್ನಿಸುತ್ತದೆ. ಆದ್ದರಿಂದ ನಿಮಗೆ ಉತ್ತರ ಮೊದಲೇ ಗೊತ್ತಿರುವ ಲೆಕ್ಕವೊಂದನ್ನು ಹಿಡಿಯಿರಿ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಡ್ರಮ್ಮಿನ ಲೀಟರನ್ನು ತುಂಬಿಸಿದರೆ ಎರಡರ ತೂಕವನ್ನೂ ತೋರಿಸುವ ಪುಟವೊಂದನ್ನು ಮಾಡಿ.

ನಾನು ಅದನ್ನು ಮಾಡಿ ಎರಡು ಡ್ರಮ್ಮುಗಳ ಅಳತೆಯನ್ನು ಕೂಡಿಸಲು ಹೊರಟಾಗ, 200 ಲೀಟರಿನದು ಒಂದು, 100 ಲೀಟರಿನದು ಒಂದು ಎಂದು ಕೊಟ್ಟರೆ 2001 ಕಿಲೋ ಮೈಲುತುತ್ತು ಬೇಕೆಂದು ಪುಟ ಹೇಳಿತು. ಚೌಕದಲ್ಲಿ ಬೆರಳಚ್ಚಿಸಿದ್ದು ಅಂಕಿಯೇ ಆದರೂ ಜಾವಾಸ್ಕ್ರಿಪ್ಟಿಗೆ ಅದು ಸಿಗುವುದು ಪಠ್ಯವಾಗಿ. ಎರಡು ಪಠ್ಯಗಳ ನಡುವೆ ಕೂಡಿಸುವ ಚಿಹ್ನೆ ಇಟ್ಟರೆ ಅದು ಅವನ್ನು ಅಂಟಿಸಿ 200100 ಎಂದು ಮಾಡುತ್ತದೆ, ಅದನ್ನು ನೂರರಿಂದ ಭಾಗಿಸಿದರೆ 2001. ಪಠ್ಯವನ್ನು ಮೊದಲು ಸಂಖ್ಯೆಯಾಗಿ ಪರಿವರ್ತಿಸಬೇಕೆಂಬ ಪಾಠವನ್ನು ಪುಸ್ತಕದಲ್ಲಿ ಎರಡು ಬಾರಿ ಓದಿದ್ದೆ, ತಲೆಗೆ ಹತ್ತಿದ್ದು ಅಂದು. ಉತ್ತರ ಮೂರು ಕಿಲೋ ಎಂದು ಬಾಯಲ್ಲೇ ಗೊತ್ತಿದ್ದುದರಿಂದ ತಪ್ಪು ಒಡನೆಯೇ ಕಣ್ಣಿಗೆ ಬಿತ್ತು. ಗೊತ್ತಿಲ್ಲದ ವಿಷಯದ ಲೆಕ್ಕವಾಗಿದ್ದರೆ ಅದನ್ನೇ ನಂಬಿಬಿಡುತ್ತಿದ್ದೆ.

ಕನ್ನಡದ ಅಧ್ಯಾಪಕರಿಗೆ ಇನ್ನೊಂದು ಅಭ್ಯಾಸ. ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಜಾವಾಸ್ಕ್ರಿಪ್ಟನ್ನು ಕೇಳಿದರೆ ಅದು ಐದು ಎನ್ನುತ್ತದೆ. ನಮ್ಮ ಕಣ್ಣಿಗೆ ಅಕ್ಷರಗಳು ಮೂರು. ಕಂಪ್ಯೂಟರಿನ ಎಣಿಕೆಯಲ್ಲಿ ಕ, ನ, ಅರ್ಧಾಕ್ಷರದ ಚಿಹ್ನೆ (್), ಮತ್ತೊಂದು ನ, ಡ ಎಂದು ಐದು ಸಂಕೇತಗಳಿವೆ; ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು. ಹೆಸರಿನ ಚೌಕಕ್ಕೆ ಇಪ್ಪತ್ತು ಅಕ್ಷರಗಳ ಮಿತಿ ಹಾಕಿದ ಅರ್ಜಿಗಳು ಕನ್ನಡದ ಹೆಸರುಗಳನ್ನು ನಡುವೆ ಕತ್ತರಿಸುವುದು ಇದರಿಂದಲೇ. ಛಂದಸ್ಸಿನಲ್ಲಿ ಮಾತ್ರೆ ಎಣಿಸಿ ರೂಢಿಯಿದ್ದವರಿಗೆ ಲಘು ಗುರು ಗುರುತಿಸುವ ಸಣ್ಣ ಪ್ರೋಗ್ರಾಮು ಬರೆಯುವುದು ಎರಡು ವಾರಗಳ ಒಳ್ಳೆಯ ಕಸರತ್ತು.

ಈ ಹಂತದಲ್ಲೇ ಗಿಟ್ ಕಲಿಯಿರಿ. ಬರೆದ ಕೋಡಿನ ಪ್ರತಿ ಹಂತವನ್ನೂ ಉಳಿಸಿಟ್ಟುಕೊಳ್ಳುವ ಈ ಸಾಧನವನ್ನು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದರು. ದಿನನಿತ್ಯಕ್ಕೆ ಬೇಕಾಗುವ ಆದೇಶಗಳು ಆರೇಳು ಮಾತ್ರ. ಗಿಟ್‌ನ ಕೋಡನ್ನು ಜಾಲದಲ್ಲಿ ಇಡುವ ಗಿಟ್‌ಹಬ್ ಎಂಬ ತಾಣದಲ್ಲಿ ಖಾತೆ ತೆರೆದು ಸಾರ್ವಜನಿಕವಾಗಿಟ್ಟ ಕೋಡಿನಿಂದ ಪುಟವನ್ನು ಉಚಿತವಾಗಿಯೇ ಜಾಲಕ್ಕೇರಿಸಬಹುದು. ಮೈಲುತುತ್ತಿನ ಪುಟದ ಕೊಂಡಿಯನ್ನು ನಾಲ್ಕು ಮಂದಿ ಕೃಷಿಕರಿಗೆ ಕಳುಹಿಸಿ ನೋಡಿ. ಅವರು ಹೇಳುವ ದೋಷಗಳು ಯಾವ ಪಾಠದಲ್ಲೂ ಸಿಗುವುದಿಲ್ಲ.

ಇಂಗ್ಲಿಷ್ ಮತ್ತು ಎಐ

ಕನ್ನಡ ಮಾಧ್ಯಮದವರ ದೊಡ್ಡ ಅಳುಕು ಇಂಗ್ಲಿಷಿನದು. ಓದಲು ಬೇಕಾದ ತಾಂತ್ರಿಕ ಇಂಗ್ಲಿಷ್ ಸೀಮಿತವಾದದ್ದು, ಒಂದೇ ಬಗೆಯ ವಾಕ್ಯಗಳು ಮತ್ತೆ ಮತ್ತೆ ಬರುತ್ತವೆ. ಪರದೆಯಲ್ಲಿ ಕೆಂಪಕ್ಷರದಲ್ಲಿ ಬರುವ ದೋಷಸಂದೇಶವನ್ನು ಹೆದರಿ ಮುಚ್ಚದೆ ಕೊನೆಯವರೆಗೆ ಓದಿ, ಅರ್ಥವನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಿ. ಆರು ತಿಂಗಳಲ್ಲಿ ಆ ಪುಸ್ತಕ ತುಂಬುವ ಮೊದಲೇ ಅದರ ಅಗತ್ಯ ಕಡಿಮೆಯಾಗುತ್ತದೆ. ಸಂದರ್ಶನದಲ್ಲಿ ಮಾತನಾಡುವ ಇಂಗ್ಲಿಷ್ ಬೇರೆ ವಿಷಯ, ಅದಕ್ಕೆ ಪ್ರತ್ಯೇಕ ಅಭ್ಯಾಸ ಬೇಕು. ನಾನು ಮಾಡಿದ ಪುಟವೊಂದನ್ನು ದಿನವೂ ಹತ್ತು ನಿಮಿಷ ಇಂಗ್ಲಿಷಿನಲ್ಲಿ ವಿವರಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳುತ್ತಿದ್ದೆ. ಕೇಳಲು ಮುಜುಗರವಾಗುತ್ತಿತ್ತು, ಆದರೆ ಉಪಯೋಗವಾಯಿತು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಎಐ ತಂತ್ರಾಂಶ ಬಂದ ಮೇಲೆ ಸಾದಾ ಪುಟವೊಂದನ್ನು ಯಂತ್ರವೇ ನಿಮಿಷದಲ್ಲಿ ಬರೆದುಕೊಡುತ್ತದೆ. ಹಾಗಾದರೆ ಕಲಿಯುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬರಿಯ ಪುಟ ಮಾಡಬಲ್ಲವರಿಗೆ ಈಗ ಬೆಲೆ ಕಡಿಮೆಯಾಗಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಯಂತ್ರ ಬರೆದದ್ದನ್ನು ಓದಿ, ಎಲ್ಲಿ ತಪ್ಪಿದೆಯೆಂದು ಹೇಳಬಲ್ಲವರಿಗೆ, ಗಿರಾಕಿಗೆ ನಿಜವಾಗಿ ಬೇಕಾದದ್ದೇನೆಂದು ಕೇಳಿ ತಿಳಿಯಬಲ್ಲವರಿಗೆ ಕೆಲಸವಿದೆ. ಆದ್ದರಿಂದ ಮೊದಲ ಎಂಟು ತಿಂಗಳು ಕೋಡನ್ನು ನೀವೇ ಬರೆಯಿರಿ. ಬರೆದ ಮೇಲೆ ಅರ್ಥವಾಗದ್ದನ್ನು ಎಐಯಲ್ಲಿ ಕೇಳಿ, ಅದರ ಉತ್ತರವನ್ನು ಎಂಡಿಎನ್‌ನಲ್ಲಿ ತಾಳೆ ನೋಡಿ.

ಊರಿನ ಒಂದು ಸಂಸ್ಥೆ, ಒಂದು ವರ್ಷ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿ. ಎಂಟೊಂಬತ್ತು ತಿಂಗಳ ಬಳಿಕ ನಿಮಗೆ ಪರಿಚಯವಿರುವ ಸಂಸ್ಥೆಯೊಂದನ್ನು ಆರಿಸಿಕೊಳ್ಳಿ: ಊರಿನ ಗ್ರಂಥಾಲಯ, ನೀವು ಪಾಠ ಮಾಡಿದ ಶಾಲೆ, ಯಕ್ಷಗಾನ ಸಂಘ, ಜೇನು ಮತ್ತು ಬಾಳೆಹಣ್ಣಿನ ಹಲ್ವ ಮಾರುವ ಸ್ವಸಹಾಯ ಗುಂಪು. ದೊಡ್ಡ ಸಂಸ್ಥೆ ಬೇಡ, ಅಲ್ಲಿ ನಿರ್ಧಾರ ತೆಗೆದುಕೊಳ್ಳಲು ಹತ್ತು ಸಭೆಗಳಾಗುತ್ತವೆ. ಮೊದಲ ತಾಣವನ್ನು ಡೊಮೈನಿನ, ಎಂದರೆ ತಾಣದ ವಿಳಾಸದ, ಖರ್ಚು ಮಾತ್ರ ಪಡೆದು ಮಾಡಿಕೊಡಿ. ಅದು ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿರುತ್ತದೆ.

ನಾನು ಮಾಡಿದ್ದು ಒಂದು ಗ್ರಂಥಾಲಯಕ್ಕೆ. ಕನ್ನಡ ಮತ್ತು ಮಲಯಾಳ ಪುಸ್ತಕಗಳ ಪಟ್ಟಿ, ತೆರೆಯುವ ವೇಳೆ, ಕಾರ್ಯಕ್ರಮಗಳ ವಿವರ, ಇಷ್ಟೇ. ಮೂರು ವಾರಗಳಲ್ಲಿ ಕಟ್ಟಿದೆ. ಕೆಲಸ ಕಲಿತದ್ದು ಅದರ ಅನಂತರ. ಕಾರ್ಯದರ್ಶಿಯವರು ಮೊಬೈಲಿನಿಂದ ತೆಗೆದ ತಲಾ ಐದು ಎಂಬಿಯ ಇಪ್ಪತ್ತು ಚಿತ್ರಗಳನ್ನು ಕೊಟ್ಟರು, ಪುಟ ತೆರೆಯದಾಯಿತು; ಚಿತ್ರವನ್ನು ಕಿರಿದುಗೊಳಿಸುವುದನ್ನು ಕಲಿತೆ. ಸದಸ್ಯರೊಬ್ಬರು ಕನ್ನಡದಲ್ಲಿ ಹುಡುಕಿದರೆ ಪುಸ್ತಕ ಸಿಗುವುದಿಲ್ಲವೆಂದರು. ಪಟ್ಟಿಯ ಅರ್ಧ ಭಾಗದಲ್ಲಿ ಅನುಸ್ವಾರದ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರವನ್ನು ಯಾರೋ ಬೆರಳಚ್ಚಿಸಿದ್ದರು. ಸಂಪರ್ಕ ಅರ್ಜಿಯನ್ನು ತುಂಬಿಸಿದವರಿಗೆ ಉತ್ತರ ಹೋಗುತ್ತಿಲ್ಲವೆಂದು ಎರಡು ತಿಂಗಳ ಮೇಲೆ ತಿಳಿಯಿತು. ಬರಿಯ ಎಚ್‌ಟಿಎಂಎಲ್ ಪುಟ ತಾನಾಗಿ ಮಿಂಚಂಚೆ ಕಳುಹಿಸಲಾರದು, ಅದಕ್ಕೆ ತಾಣವನ್ನು ಒದಗಿಸುವ ಕಂಪ್ಯೂಟರಿನಲ್ಲಿ (ಸರ್ವರ್) ಓಡುವ ಪ್ರೋಗ್ರಾಮು ಬೇಕು ಎಂಬುದು ಹಾಗೆ ಅರಿವಾಯಿತು. ಇದನ್ನೇ ಬ್ಯಾಕ್ ಎಂಡ್ ಎನ್ನುವುದು; ಆ ಶಬ್ದವನ್ನು ಒಂದು ವರ್ಷ ಕೇಳಿದ್ದರೂ ಅದು ಯಾಕೆ ಬೇಕೆಂದು ಗೊತ್ತಾದದ್ದು ಅಂದು. ಹನ್ನೊಂದನೆಯ ತಿಂಗಳಲ್ಲಿ ಡೊಮೈನ್ ನವೀಕರಣದ ಸೂಚನೆ ನಾನು ನೋಡದ ಅಂಚೆಪೆಟ್ಟಿಗೆಗೆ ಬಂದು ತಾಣ ಎರಡು ದಿನ ನಿಂತುಹೋಯಿತು. ಆ ತಪ್ಪು ಪೂರ್ತಿ ನನ್ನದು.

ಇಂಥ ಪ್ರತಿಯೊಂದು ತೊಡಕನ್ನೂ ದಿನಾಂಕ ಹಾಕಿ ಬರೆದಿಡಿ: ಏನಾಯಿತು, ಕಾರಣವೇನು, ಹೇಗೆ ಸರಿಪಡಿಸಿದಿರಿ. ನನ್ನ ಮೊದಲ ಸಂದರ್ಶನದಲ್ಲಿ ಮುಕ್ಕಾಲು ಗಂಟೆಯ ಮಾತು ನಡೆದದ್ದು ಆ ಪಟ್ಟಿಯ ಮೇಲೆಯೇ.

ಮುಂದೇನು ಕಲಿಯಬೇಕೆಂಬುದೂ ಈ ವರ್ಷದಲ್ಲೇ ತೀರ್ಮಾನವಾಗುತ್ತದೆ. ಸ್ಥಳೀಯ ಗಿರಾಕಿಗಳಿಗೆ ತಾಣ ಮಾಡಿಕೊಟ್ಟು ಬದುಕಬೇಕೆಂದಿದ್ದರೆ ಸರ್ವರಿನ ಭಾಷೆಯಾದ ಪಿಎಚ್‌ಪಿ ಮತ್ತು ಅದರಿಂದ ಕಟ್ಟಿದ, ತಾಣ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್. ಕಂಪೆನಿಯಲ್ಲಿ ಉದ್ಯೋಗ ಬೇಕಿದ್ದರೆ ಜಾವಾಸ್ಕ್ರಿಪ್ಟಿನಲ್ಲಿ ಪುಟ ಕಟ್ಟುವ ರಿಯಾಕ್ಟ್, ಜೊತೆಗೆ ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ಓಡಿಸುವ ನೋಡ್ ಮತ್ತು ಮಾಹಿತಿ ಸಂಗ್ರಹಿಸಿಡುವ ಒಂದು ಡೇಟಾಬೇಸ್. ಎರಡನ್ನೂ ಒಟ್ಟಿಗೆ ಹಿಡಿಯಬೇಡಿ.

ಕೋರ್ಸಿಗೆ ಹಣ ಕೊಡಬೇಕೆ?

ನಾನು ಹತ್ತಿರದ ಪೇಟೆಯ ಸಂಸ್ಥೆಯೊಂದಕ್ಕೆ ಹಣ ಕಟ್ಟಿ ಮೋಸಹೋದವನು. ಆರು ತಿಂಗಳ ಪಾಠ ಎಂದಿದ್ದರು. ಎರಡನೆಯ ತಿಂಗಳಲ್ಲಿ ಕಲಿಸುವವರು ಬದಲಾದರು, ನಾಲ್ಕನೆಯ ತಿಂಗಳಿನಿಂದ ವಿಡಿಯೋ ಹಾಕಿ ಕೂರಿಸಿದರು, ಕೊನೆಗೆ ಚಂದದ ಪ್ರಮಾಣಪತ್ರ ಕೊಟ್ಟರು. ಅದನ್ನು ಈವರೆಗೆ ಯಾರೂ ಕೇಳಿಲ್ಲ. ಗುರುವಿಲ್ಲದೆ ಕಲಿಯಲಾಗದವರು ಸೇರಬಾರದೆಂದು ನಾನು ಹೇಳುತ್ತಿಲ್ಲ. ಸೇರುವ ಮೊದಲು ಹಿಂದಿನ ತಂಡದ ಇಬ್ಬರೊಡನೆ ನೀವೇ ಮಾತನಾಡಿ, ಕಲಿಸುವವರು ಸ್ವತಃ ಮಾಡಿದ ತಾಣವೊಂದನ್ನು ನೋಡಿ, ಒಟ್ಟು ಶುಲ್ಕವನ್ನು ಒಮ್ಮೆಲೇ ಕಟ್ಟದೆ ತಿಂಗಳ ಕಂತಿನಲ್ಲಿ ಕಟ್ಟಿ. ಕೆಲಸದ ಖಾತರಿ ಕೊಡುವವರ ಮಾತನ್ನು ಕಾಗದದಲ್ಲಿ ಬರೆದುಕೊಡಲು ಕೇಳಿದರೆ ಬಹಳ ಸಂಗತಿ ತಿಳಿಯುತ್ತದೆ. ಕಲಿಕೆಗೆಂದು ಚಿನ್ನ ಅಡವಿಡುವುದು ಖಂಡಿತ ಬೇಡ.

ಕೆಲಸ ಎಲ್ಲಿ, ಹೇಗೆ

ನಮಗೆ ಹತ್ತಿರದ ಮಾರುಕಟ್ಟೆ ಮಂಗಳೂರು. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್, ಬೆಳಗಿನ ರೈಲಿನಲ್ಲಿ ಹೋಗಿ ಸಂಜೆ ಮರಳಬಹುದು. ಮಂಜೇಶ್ವರದ ಕಡೆಯವರಿಗೆ ಇನ್ನೂ ಸಮೀಪ. ಕೇರಳದೊಳಗೆ ಕೊಚ್ಚಿಯ ಇನ್ಫೋಪಾರ್ಕ್, ತಿರುವನಂತಪುರದ ಟೆಕ್ನೋಪಾರ್ಕ್ ಎಂಬ ಐಟಿ ಪಾರ್ಕ್‌ಗಳಿದ್ದರೂ ಅಲ್ಲಿ ಮನೆ ಮಾಡಿಯೇ ಇರಬೇಕಾಗುತ್ತದೆ. 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳು ಮುಚ್ಚಿ, ತಲಪಾಡಿ ದಾಟಿ ದುಡಿಯುತ್ತಿದ್ದವರೆಲ್ಲ ಮನೆಯಲ್ಲಿ ಉಳಿಯಬೇಕಾಗಿ ಬಂದದ್ದು ನೆನಪಿದ್ದವರು ಮನೆಯಿಂದಲೇ ಕೆಲಸ ಎಂಬುದನ್ನು ಬಯಸುವುದು ಸಹಜ; ಆದರೆ ಮೊದಲ ವರ್ಷ ಅನುಭವಿಗಳ ಪಕ್ಕದಲ್ಲಿ ಕುಳಿತು ಕೆಲಸ ಮಾಡುವ ಅವಕಾಶ ಸಿಕ್ಕಿದರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಅದನ್ನು ಆರಿಸಿಕೊಳ್ಳಿ.

ಅರ್ಜಿಯಲ್ಲಿ ಹಳೆಯ ವೃತ್ತಿಯನ್ನು ಅಡಗಿಸಬೇಡಿ. ಅಧ್ಯಾಪಕರು ಅರ್ಥವಾಗದವರಿಗೆ ಅರ್ಥಮಾಡಿಸಬಲ್ಲರು. ಗುಮಾಸ್ತರಿಗೆ ಸಾಲದ ಲೆಕ್ಕ, ಕಂತು, ಬಡ್ಡಿಯ ಒಳಹೊರಗು ಗೊತ್ತು. ಹಣಕಾಸಿನ ತಂತ್ರಾಂಶ ಮಾಡುವ ಕಂಪೆನಿಗೆ ಅದು ಬೆಲೆಯುಳ್ಳ ತಿಳಿವಳಿಕೆ. ಕನ್ನಡ, ಮಲಯಾಳ, ತುಳು ಬಲ್ಲವರೆಂಬುದನ್ನು ಭಾಷೆಗಳ ಸಾಲಿನಲ್ಲಿ ಬರೆದು ಬಿಡದೆ, ಎರಡು ಭಾಷೆಯ ತಾಣ ಮಾಡಿದ ಅನುಭವವೆಂದು ಬರೆದು ಕೊಂಡಿ ಕೊಡಿ. ನಾನು ಕಳುಹಿಸಿದ ಅರ್ಜಿಗಳು ನಲವತ್ತಕ್ಕೂ ಹೆಚ್ಚು, ಉತ್ತರ ಬಂದದ್ದು ಐದಕ್ಕೆ. ಟೆಸ್ಟಿಂಗ್ (ತಂತ್ರಾಂಶದ ತಪ್ಪು ಹುಡುಕುವ ಕೆಲಸ) ಅಥವಾ ಗ್ರಾಹಕರ ನೆರವಿನ ವಿಭಾಗದ ಹುದ್ದೆ ಸಿಕ್ಕಿದರೂ ಒಳಗೆ ಹೋಗಲು ಅದೊಂದು ಬಾಗಿಲು.

ಸ್ವತಂತ್ರವಾಗಿ ಗಿರಾಕಿಗಳಿಗೆ ಮಾಡಿಕೊಡುವವರು ಕೆಲಸದ ವ್ಯಾಪ್ತಿ, ಮೊತ್ತ, ಎಷ್ಟು ಬಾರಿ ತಿದ್ದಿಕೊಡುವಿರಿ ಎಂಬುದನ್ನು ಬರಹದಲ್ಲಿ ಇಟ್ಟುಕೊಂಡು ಅರ್ಧ ಹಣವನ್ನು ಮೊದಲೇ ಪಡೆಯಬೇಕು. ಡೊಮೈನ್ ಗಿರಾಕಿಯ ಹೆಸರಿನಲ್ಲೇ ಇರಲಿ. ಅದನ್ನು ತಮ್ಮ ಹೆಸರಿನಲ್ಲಿಟ್ಟುಕೊಂಡು ಜಗಳವಾದಾಗ ತಾಣವನ್ನೇ ತಡೆಹಿಡಿದವರಿದ್ದಾರೆ. ಎಲ್ಲರೂ ಎಲ್ಲರನ್ನೂ ಬಲ್ಲ ನಮ್ಮ ಊರುಗಳಲ್ಲಿ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಹಳೆಯ ಕೆಲಸವನ್ನು ಬಿಡುವುದು

ನೇಮಕಾತಿ ಪತ್ರ ಕೈಗೆ ಬರುವವರೆಗೆ, ಸ್ವತಂತ್ರವಾಗಿ ದುಡಿಯುವವರಾದರೆ ಹಳೆಯ ವರಮಾನದ ಅರ್ಧದಷ್ಟು ಸತತ ಆರು ತಿಂಗಳು ಬರುವವರೆಗೆ, ಇರುವ ಕೆಲಸವನ್ನು ಬಿಡಬೇಡಿ. ಬಿಡುವಾಗ ನಾಲ್ಕು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ. ದಿನವೇತನದ ಅಧ್ಯಾಪಕರಿಗೆ ಶಾಲೆಯ ವರ್ಷವೇ ಅನುಕೂಲವಾದ ಲೆಕ್ಕ: ಜೂನ್‌ನಲ್ಲಿ ಶಾಲೆ ತೆರೆಯುವಾಗ ಹದಿನೈದು ದಿನಗಳ ಪರೀಕ್ಷೆ ಆರಂಭಿಸಿದರೆ, ಹೇಗೂ ವೇತನವಿಲ್ಲದ ಮುಂದಿನ ಏಪ್ರಿಲ್ ಮತ್ತು ಮೇ ತಿಂಗಳು ಸಂಸ್ಥೆಯ ತಾಣ ಕಟ್ಟಲು ಪೂರ್ತಿಯಾಗಿ ಸಿಗುತ್ತವೆ. ಅದರ ಮುಂದಿನ ವರ್ಷದ ಜೂನ್‌ಗಾಗಿ ಶಾಲೆಯ ಸಂದರ್ಶನಕ್ಕೆ ಕರೆ ಬಂದಾಗ ಹೋಗುವುದೋ ಬಿಡುವುದೋ ಎಂದು ಹೇಳಲು, ಒಂದು ವರ್ಷ ನಡೆದ ತಾಣವೂ ತೊಡಕುಗಳ ಪಟ್ಟಿಯೂ ನಿಮ್ಮ ಕೈಯಲ್ಲಿರುತ್ತವೆ.